ಪ್ರೀತಿ ಅವಳಿಗೆ, ಗೌರವ ಅವನಿಗೆ?

ಎಫೆಸದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯ ಕ್ರೈಸ್ತ ಮದುವೆಗಳಲ್ಲಿ ಎಷ್ಟೋ ಸಲ ಕಿವಿಗೆ ಬಿದ್ದಿರುತ್ತದೆ. ಅದರ ಕೊನೆಯ ವಚನ ಗಂಡನಿಗೆ ಹೆಂಡತಿಯನ್ನು ಪ್ರೀತಿಸು ಎನ್ನುತ್ತದೆ, ಹೆಂಡತಿಗೆ ಗಂಡನನ್ನು ಗೌರವಿಸು ಎನ್ನುತ್ತದೆ. ಮಿಷಿಗನ್‌ನಲ್ಲಿ ಸಭಾಪಾಲಕರಾಗಿದ್ದ ಎಮರ್ಸನ್ ಎಗರಿಚ್ಸ್ ಈ ಒಂದು ವಚನದ ಮೇಲೆ ಇಡೀ ಪುಸ್ತಕ ಕಟ್ಟಿದರು. 2004ರ ಆ ‘ಲವ್ ಅಂಡ್ ರೆಸ್ಪೆಕ್ಟ್’ ಇಂಗ್ಲಿಷ್ ಓದುವ ಕ್ರೈಸ್ತ ದಂಪತಿಗಳ ನಡುವೆ ಬಹಳ ಓಡಾಡಿದೆ.

ಅವರ ವಾದ ಸರಳ. ಹೆಣ್ಣಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಪ್ರೀತಿ, ಗಂಡಿಗೆ ಗೌರವ. ಪ್ರೀತಿ ಸಿಗದವಳು ಗೌರವ ಕೊಡುವುದಿಲ್ಲ, ಗೌರವ ಸಿಗದವನು ಪ್ರೀತಿ ತೋರಿಸುವುದಿಲ್ಲ. ಜಗಳ ಹೀಗೆ ಸುತ್ತುತ್ತಲೇ ಇರುತ್ತದೆ. ಇದಕ್ಕೆ ಅವರಿಟ್ಟ ಹೆಸರು ‘ಕ್ರೇಜಿ ಸೈಕಲ್’. ಜಗಳ ಆಡಿದವರಿಗೆಲ್ಲ ಇದು ಗುರುತು ಸಿಗುವಂಥದ್ದೇ.

ಪುಸ್ತಕದ ಮೊದಲಲ್ಲೇ ಒಂದು ಪ್ರಸಂಗವಿದೆ. ಗಂಡ ಮದುವೆಯ ವಾರ್ಷಿಕೋತ್ಸವವನ್ನು ನೆನಪಿಟ್ಟು ಕಾರ್ಡ್ ತಂದುಕೊಡುತ್ತಾನೆ. ಹೆಂಡತಿ ತೆರೆದು ನೋಡಿದರೆ ಹುಟ್ಟುಹಬ್ಬದ ಕಾರ್ಡ್! ಅವಳು ಸಿಡುಕುತ್ತಾಳೆ, ಬೇಕೆಂದು ಮಾಡಿದ್ದಲ್ಲವಲ್ಲ ಎಂದು ಅವನು ರೇಗುತ್ತಾನೆ. ಎಗರಿಚ್ಸ್ ಪ್ರಕಾರ ಅವಳಿಗೆ ಪ್ರೀತಿ ಸಿಗಲಿಲ್ಲ, ಅವನಿಗೆ ಗೌರವ ಸಿಗಲಿಲ್ಲ. ನನಗೆ ಕಾಣುವುದು ಬೇರೆ. ಕೈಗೆ ಸಿಕ್ಕ ಕಾರ್ಡನ್ನು ಓದದೆ ತಂದವನು ತಪ್ಪಿದ್ದು ಗೌರವದಲ್ಲೇ. ಅಷ್ಟು ಗಮನಕ್ಕೂ ತಾನು ಯೋಗ್ಯಳಲ್ಲವೇ ಎಂಬುದು ಅವಳ ನೋವು. ಅದನ್ನು ಪ್ರೀತಿಯ ಖಾತೆಗೆ ಮಾತ್ರ ಹಾಕುವುದು ಹೇಗೆ?

ಪುಸ್ತಕವೇ ಇದನ್ನು ಒಪ್ಪಿಕೊಂಡಂತಿದೆ. ಹೆಂಡತಿಗೆ ಬೇಕಾದ ಆರು ಅಂಶಗಳನ್ನು ಎಗರಿಚ್ಸ್ ಪಟ್ಟಿ ಮಾಡುತ್ತಾರೆ. ಆರನೆಯದು ಅವಳಿಗೆ ಮನ್ನಣೆ ಕೊಡುವುದು. ಗೌರವ ಹಿಂಬಾಗಿಲಿನಿಂದ ಒಳಗೆ ಬಂದೇಬಿಟ್ಟಿತಲ್ಲ!

ಪ್ರೀತಿ ಅವಳಿಗೆ, ಗೌರವ ಅವನಿಗೆ ಎಂಬ ವಿಭಜನೆಗೆ ಆಧಾರವಾಗಿ ಅವರು ಒಂದು ಸಮೀಕ್ಷೆಯನ್ನೂ ಮುಂದಿಡುತ್ತಾರೆ. ಅದರಲ್ಲಿ 400 ಗಂಡಸರಲ್ಲಿ ಶೇಕಡಾ 74 ಮಂದಿ, ಅಗೌರವ ಅನುಭವಿಸುವುದಕ್ಕಿಂತ ಪ್ರೀತಿಯಿಲ್ಲದೆ ಒಂಟಿಯಾಗಿರುವುದೇ ಮೇಲು ಎಂದರಂತೆ. ಉತ್ತರಿಸಿದವರೆಲ್ಲ ಗಂಡಸರು. ಹೆಂಗಸರನ್ನು ಕೇಳದೆ ಇಬ್ಬರ ನಡುವೆ ಗೆರೆ ಎಳೆಯುವುದು ಯಾವ ಲೆಕ್ಕ? ಕೆನಡಾದ ಲೇಖಕಿ ಶೀಲಾ ರೇ ಗ್ರೆಗ್ವಾರ್ ಮತ್ತು ಸಂಗಡಿಗರು 20,000 ಮಹಿಳೆಯರನ್ನು ಕೇಳಿಯೇ 2021ರಲ್ಲಿ ‘ದಿ ಗ್ರೇಟ್ ಸೆಕ್ಸ್ ರೆಸ್ಕ್ಯೂ’ ಬರೆದರು. ಅದರಲ್ಲಿ ಕಟುವಾದ ಟೀಕೆಗೆ ಗುರಿಯಾದ ಪುಸ್ತಕಗಳಲ್ಲಿ ‘ಲವ್ ಅಂಡ್ ರೆಸ್ಪೆಕ್ಟ್’ ಕೂಡ ಒಂದು.

ಇನ್ನು ಬೈಬಲ್ಲಿಗೇ ಬಂದರೆ, ಎಫೆಸ 5ರ ಆ ಕೊನೆಯ, ಅಂದರೆ 33ನೇ ವಚನವನ್ನು ಒಂಟಿಯಾಗಿ ಹಿಡಿದರೆ ಮಾತ್ರ ಈ ಹಂಚಿಕೆ ನಿಲ್ಲುತ್ತದೆ. ಅದೇ ಅಧ್ಯಾಯದ 21ನೇ ವಚನ ಒಬ್ಬರಿಗೊಬ್ಬರು ಅಧೀನರಾಗಿರಲು ಹೇಳುತ್ತದೆ. ತೀತನಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಗಂಡಂದಿರನ್ನು ಪ್ರೀತಿಸುವ ಬುದ್ಧಿ ಕಲಿಯಬೇಕಾದವರು ಯುವತಿಯರು. 1 ಪೇತ್ರ 3:7 ಹೇಳುವುದಂತೂ ನೇರವಾಗಿದೆ. ಹೆಂಡತಿಯನ್ನು ಅರಿತು ಬಾಳುವುದು, ಅವಳಿಗೆ ಮಾನ ಸಲ್ಲಿಸುವುದು ಗಂಡನ ಕೆಲಸ. ತಪ್ಪಿದರೆ ಅವನ ಪ್ರಾರ್ಥನೆಗೇ ಅಡ್ಡಿ.

ಇನ್ನು ಎಗರಿಚ್ಸ್ ಕೊಡುವ ಗಂಡಸರ ಬೇಡಿಕೆಗಳ ಪಟ್ಟಿಯಲ್ಲಿ ಯಜಮಾನಿಕೆ, ಅಧಿಕಾರ ಎರಡೂ ಇವೆ. ಕೈ ಮಾಡುವ ಗಂಡನಿರುವ ಮನೆಗೆ ಈ ಪಟ್ಟಿ ಹೋದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹೊಡೆತ ತಿಂದವಳಿಗೆ ಮತ್ತಷ್ಟು ಗೌರವ ತೋರಿಸು ಎನ್ನುವುದು ಉಪದೇಶವಲ್ಲ, ಅಪಾಯ.

ಹಾಗೆಂದು ಪುಸ್ತಕವನ್ನು ಪೂರ್ತಿ ತಳ್ಳಿಹಾಕಲಾರೆ. ಹೆಂಡತಿ ಕಷ್ಟ ಹೇಳಿಕೊಂಡಾಗ ಪರಿಹಾರ ಹುಡುಕಲು ಓಡಬೇಡ, ಸುಮ್ಮನೆ ಕೇಳು ಎನ್ನುವ ಅಧ್ಯಾಯ ನಿಜಕ್ಕೂ ಚೆನ್ನಾಗಿದೆ. ಅತ್ತೆಯ ಮಾತಿನಿಂದ ನೊಂದು ಬಂದವಳಿಗೆ ‘ಹೋಗಲಿ ಬಿಡು’ ಎಂದು ಫೋನ್ ನೋಡುವ ಗಂಡ ಇದನ್ನು ಓದಲೇಬೇಕು. ಗಂಡಸರು ಈ ಅಧ್ಯಾಯವನ್ನಷ್ಟೇ ಓದಲಿ. ಹೆಂಡತಿಯಿಂದ ಬರಬೇಕಾದ ಗೌರವದ ಪುಟಗಳನ್ನು ಗೆರೆ ಹಾಕಿ ಅವಳ ಕೈಗಿಡುವ ಯೋಚನೆಯಿದ್ದರೆ, ಅದನ್ನು ಕೈಬಿಡಿ.