ಹೊಲಕ್ಕೊಂದು ಚೂರಿ

ಹಿರೇಕೆರೂರಿನಿಂದ ಸವಣೂರಿನವರೆಗೆ ಯಾವ ರೈತರ ಮನೆ ಹೊಕ್ಕರೂ ಕುಡಗೋಲು ಇರುತ್ತದೆ, ಕೊಡಲಿ ಇರುತ್ತದೆ, ಒಳಗೆ ಈಳಿಗೆ ಇರುತ್ತದೆ. ದಿನವಿಡೀ ಸೊಂಟದಲ್ಲಿ ಇರಬೇಕಾದ ಒಂದು ಒಳ್ಳೆಯ ಚೂರಿ ಮಾತ್ರ ಅಪರೂಪ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು ಕುಡಗೋಲಿನ ಮೊನೆ, ಡ್ರಿಪ್ ಪೈಪು ಕತ್ತರಿಸಲೂ ಕುಡಗೋಲು, ಮಾವಿನಹಣ್ಣು ಹೋಳು ಮಾಡಲೂ ಅದೇ. ಕುಡಗೋಲಿನ ಬಾಗು ಇರುವುದು ಒಂದು ಹಿಡಿ ಭತ್ತವನ್ನು ಒಳಗೆಳೆದುಕೊಂಡು ಕೊಯ್ಯಲಿಕ್ಕೆ. ಅದರಿಂದ ಹಗ್ಗ ಕೊಯ್ಯಲು ಹೋದವರ ಎಡಗೈ ಬೆರಳುಗಳ ಗಾಯದ ಗುರುತು ನೋಡಿದರೆ ಉಳಿದದ್ದು ತಿಳಿಯುತ್ತದೆ. ಎತ್ತು ಕಣ್ಣಿ ಸುತ್ತಿಕೊಂಡು ಬಿದ್ದು ಕೊರಳು ಬಿಗಿದಾಗ ಹಗ್ಗದ ಅಡಿಗೆ ಅಲಗು ತೂರಿಸಿ ಹೊರಮುಖವಾಗಿ ಕೊಯ್ಯಬೇಕು. ಆಗ ಬೇಕಾಗುವುದು ನೇರ ಅಲಗಿನ ಗಿಡ್ಡ ಚೂರಿ, ಅದೂ ಕೈಗೆ ತಕ್ಷಣ ಸಿಗುವಂಥದ್ದು.

ಮಡಚುವ ಚಾಕು ಈ ಕೆಲಸಕ್ಕೆ ಬೇಡವೆಂದೇ ನನ್ನ ಸಲಹೆ. ಸವಣೂರು ಕಡೆಯ ಎರೆಮಣ್ಣು ಒಮ್ಮೆ ಅದರ ಸಂದಿಗೆ ಹೊಕ್ಕು ಒಣಗಿತೆಂದರೆ ತೆರೆಯಲು ಎರಡೂ ಕೈ ಬೇಕು, ಮುಚ್ಚಲು ಧೈರ್ಯವೂ ಬೇಕು. ಮಡಿಕೆಯಿಲ್ಲದ, ಅಲಗೂ ಹಿಡಿಯೂ ಒಂದೇ ಕಬ್ಬಿಣದ ಮೇಲೆ ನಿಂತ ಚೂರಿಯನ್ನು ತೊಳೆದು ಒರೆಸಿದರೆ ಕೆಲಸ ಮುಗಿಯಿತು.

ಅಳತೆಯಲ್ಲಿ ಆಸೆ ಪಡಬಾರದು. ಅಲಗು ನಾಲ್ಕು ಇಂಚು, ಅಗಲ ಒಂದು ಇಂಚು, ಬೆನ್ನು ಎರಡೂವರೆಯಿಂದ ಮೂರು ಮಿಲಿಮೀಟರ್ ಇದ್ದರೆ ಸಾಕು. ಸ್ವೀಡನ್ನಿನ ಮೋರಾ ಊರಿನ ಚೂರಿಗಳನ್ನು ಜಗತ್ತಿನ ಕಾಡು ಸುತ್ತುವವರೆಲ್ಲ ಮೆಚ್ಚುತ್ತಾರೆ. ಅಲ್ಲಿ ಅದು ಬಡಗಿಯ, ಮೀನುಗಾರನ ದಿನಬಳಕೆಯ ಅಗ್ಗದ ಸಾಮಾನು. ಹೆಚ್ಚು ಹೆಸರಾದ ಮಾದರಿಯ ಅಲಗು ಸುಮಾರು 10 ಸೆಂಟಿಮೀಟರ್, ಅಂದರೆ ಅದೇ ನಾಲ್ಕು ಇಂಚು. ಅಷ್ಟು ದೂರದ ಚಳಿ ದೇಶದ ದುಡಿಯುವ ಕೈ ಒಪ್ಪಿಕೊಂಡ ಅಳತೆಯೇ ನಮ್ಮ ಕೈಗೂ ಒಪ್ಪುತ್ತದೆ. ಆದರೆ ಹಡಗು, ಸುಂಕ ದಾಟಿ ಇಲ್ಲಿಗೆ ಬರುವ ಹೊತ್ತಿಗೆ ಆ ಚೂರಿ ಅಗ್ಗವಾಗಿ ಉಳಿಯುವುದಿಲ್ಲ. ನಾವು ಐದುನೂರು ರೂಪಾಯಿ ದಾಟಬಾರದು ಎಂದುಕೊಂಡರೆ ಹೋಗಬೇಕಾದದ್ದು ಊರ ಕಂಬಾರರ ಕುಲುಮೆಗೆ. ಸಂತೆಯಲ್ಲಿ ಹಾಸಿಟ್ಟಿರುವ ಹೊಳೆಯುವ ಸ್ಟೀಲ್ ಚಾಕುಗಳ ಕಡೆ ಹೋಗುವುದು ಬೇಡ. ಅವುಗಳ ಅಲಗಿನ ಬಾಲ ಹಿಡಿಯೊಳಗೆ ಎರಡು ಬೆರಳಷ್ಟೂ ಇಳಿದಿರುವುದಿಲ್ಲ. ಒಂದು ಜಾಲಿ ಟೊಂಗೆ ಸವರುವಷ್ಟರಲ್ಲಿ ಅಲ್ಲಾಡತೊಡಗುತ್ತವೆ.

ಕುಲುಮೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ‘ಇದು ಯಾವ ಕಬ್ಬಿಣ?’ ಮನೆ ಕಟ್ಟುವ ಸರಳಿನಲ್ಲಿ ಇಂಗಾಲ ಕಡಿಮೆ, ಶೇ 0.2ರ ಆಸುಪಾಸು. ಅದನ್ನು ಎಷ್ಟು ಕಾಯಿಸಿ ಎಷ್ಟು ಸಲ ನೀರಿಗೆ ಅದ್ದಿದರೂ ಚೂರಿಗೆ ಬೇಕಾದಷ್ಟು ಗಟ್ಟಿಯಾಗುವುದಿಲ್ಲ. ಲಾರಿಯ ಸ್ಪ್ರಿಂಗ್ ಪಾಟಾದಲ್ಲಿ ಶೇ 0.5ರಿಂದ 0.6ರಷ್ಟು ಇರುತ್ತದೆ. ಅಲಗಿಗೆ ಬೇಕಾದ ಗಡಸು, ಪೆಟ್ಟು ತಾಳುವ ಬಿಗಿ ಎರಡೂ ಅದರಲ್ಲಿವೆ. ಶಿಗ್ಗಾಂವಿ, ಬಂಕಾಪುರದ ಮೇಲೆ ಹಾಯುವುದು ರಾಷ್ಟ್ರೀಯ ಹೆದ್ದಾರಿ 48. ಹೆದ್ದಾರಿಯಿದ್ದಲ್ಲಿ ಗ್ಯಾರೇಜು, ಗ್ಯಾರೇಜಿದ್ದಲ್ಲಿ ಮುರಿದ ಪಾಟಾ. ಹಾಗಾಗಿ ನಮ್ಮ ಕಡೆಯ ಕಂಬಾರರಿಗೆ ಒಳ್ಳೆಯ ಉಕ್ಕಿಗೆ ಕೊರತೆಯಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ವರ್ಷಗಟ್ಟಲೆ ಲಾರಿಯ ಭಾರ ಹೊತ್ತ ಪಾಟಾದಲ್ಲಿ ಕಣ್ಣಿಗೆ ಕಾಣದ ಸೀಳು ಬಿಟ್ಟಿರಬಹುದು. ಮುರಿದ ಜಾಗದ ಪಕ್ಕದ ತುಂಡು ಬಿಟ್ಟು ದೂರದ ತುಂಡು ಆರಿಸಲು ಹೇಳಿ.

ಆದರೂ ಚೂರಿಯ ಹಣೆಬರಹ ನಿರ್ಧಾರವಾಗುವುದು ಉಕ್ಕಿನಲ್ಲಿ ಅರ್ಧ, ಹದದಲ್ಲಿ ಅರ್ಧ. ಕೊಳ್ಳುವವರು ಹಿಡಿಯ ಚಂದ ನೋಡುತ್ತಾರೆ, ಅಲಗಿನ ಹೊಳಪು ನೋಡುತ್ತಾರೆ. ಹದದ ಮಾತೆತ್ತುವವರು ನೂರಕ್ಕೊಬ್ಬರಿಲ್ಲ. ಅದಕ್ಕೇ ನಾನು ಹೇಳುವುದು, ಮಾಡಿಟ್ಟ ಚೂರಿ ಕೊಳ್ಳುವ ಬದಲು ಒಂದು ತಾಸು ಕುಲುಮೆಯ ಮುಂದೆ ಕೂತು ಮಾಡಿಸಿಕೊಳ್ಳಿ. ಬಡಿದು ರೂಪ ಬಂದ ಅಲಗನ್ನು ಕಂಬಾರರು ಮತ್ತೆ ಇದ್ದಿಲಿಗೆ ಇಡುತ್ತಾರೆ. ಬ್ಲೋವರ್ ಗಾಳಿಗೆ ಅದು ಕಪ್ಪು ಕಳೆದು ಕೆಂಪಾಗಿ, ಕೆಂಪು ಬಲಿತು ಕಿತ್ತಳೆಗೆ ತಿರುಗುತ್ತದೆ. ಸುಮಾರು 770 ಡಿಗ್ರಿ ದಾಟಿದ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ; ಅಲ್ಲಿಂದ ಇನ್ನೊಂದಿಷ್ಟು ಕಾಯಬೇಕು. ಪಳಗಿದ ಕಣ್ಣಿಗೆ ಅಯಸ್ಕಾಂತ ಬೇಕಿಲ್ಲ, ಬಣ್ಣವೇ ಸಾಕು. ಕುಲುಮೆ ಮಬ್ಬು ಬೆಳಕಿನಲ್ಲಿ ಇರುವುದು ಆ ಬಣ್ಣ ಸರಿಯಾಗಿ ಕಾಣಲೆಂದೇ. ಆಮೇಲೆ ಇಕ್ಕಳದಲ್ಲಿ ಹಿಡಿದು ಬಾಯಿಯ ಕಡೆಯಷ್ಟನ್ನೇ ಅದ್ದುತ್ತಾರೆ, ಬೆನ್ನು ಹೊರಗೇ ಕೆಂಪಾಗಿ ಉಳಿಯುತ್ತದೆ. ತೆಗೆದವರೇ ಬಾಯಿಯನ್ನು ಕಲ್ಲಿಗೆ ಎರಡು ಸಲ ತಿಕ್ಕಿ ಬಿಳಿ ಮಾಡಿ ಸುಮ್ಮನೆ ನೋಡುತ್ತ ಕೂರುತ್ತಾರೆ. ಬೆನ್ನಿನಲ್ಲಿ ಉಳಿದ ಕಾವು ಮೆಲ್ಲಗೆ ಬಾಯಿಯ ಕಡೆಗೆ ಇಳಿಯುತ್ತದೆ. ಬಿಳಿ ಉಕ್ಕಿನ ಮೇಲೆ ಮೊದಲು ಗೋಧಿ ಬಣ್ಣ ಹರಿಯುತ್ತದೆ, ಅದರ ಹಿಂದೆ ಕಂದು, ನೇರಳೆ, ಕೊನೆಗೆ ನೀಲಿ. ಗೋಧಿ ಬಣ್ಣ ಅಂಚಿಗೆ ಮುಟ್ಟಿದ ಗಳಿಗೆಯಲ್ಲೇ ಇಡೀ ಅಲಗು ಮತ್ತೆ ತೊಟ್ಟಿಗೆ ಇಳಿಯಬೇಕು. ಗೋಧಿ ಬಣ್ಣಕ್ಕೂ ನೀಲಿಗೂ ನಡುವೆ ಇರುವುದು ಎಂಬತ್ತು, ನೂರು ಡಿಗ್ರಿಯಷ್ಟೇ. ಆ ಅಂತರದಲ್ಲೇ ಚೂರಿ ಚೂರಿಯಾಗಿ ಉಳಿಯುತ್ತದೆ, ಇಲ್ಲವೆ ಮೆತ್ತಗಾಗುತ್ತದೆ.

ಹಾನಗಲ್ಲ ಕಡೆಯ ಹಿರಿಯ ಕಂಬಾರರೊಬ್ಬರು ಹೇಳಿದ್ದು: ‘ನೀರ ಜಾಸ್ತಿ ಕುಡದ್ರ ಒಡೀತೈತ್ರಿ, ಕಡಿಮಿ ಕುಡದ್ರ ಬಗ್ಗತೈತ್ರಿ. ಪಾಟಾಕ್ಕ ಎಣ್ಣಿನ ಚಲೋ.’ ಅವರ ಮಾತು ನಿಜ. ಪಾಟಾದ ಉಕ್ಕು ತಣ್ಣೀರಿನಲ್ಲಿ ಒಮ್ಮೆಲೇ ಆರಿದರೆ ಸೀಳು ಬಿಡುವ ಸಂಭವವಿದೆ. ಹಳೆಯ ಎಂಜಿನ್ ಆಯಿಲ್‌ನಲ್ಲಿ ನಿಧಾನವಾಗಿ ಆರಿದರೂ ಬೇಕಾದಷ್ಟು ಗಟ್ಟಿಯಾಗುತ್ತದೆ. ನೀರಿನ ತೊಟ್ಟಿಯ ಪಕ್ಕ ಎಣ್ಣೆಯ ಡಬ್ಬಿ ಇಟ್ಟುಕೊಂಡ ಕುಲುಮೆ ಕಂಡರೆ ಅಲ್ಲೇ ಕೂತುಕೊಳ್ಳಿ.

ಮಾಡಿಸುವಷ್ಟು ವ್ಯವಧಾನ ಇಲ್ಲದವರು ಸಿದ್ಧ ಚೂರಿಯನ್ನು ಪರೀಕ್ಷಿಸಿಯೇ ಕೊಳ್ಳಬೇಕು. ಅರ ಕೇಳಿ ತೆಗೆದುಕೊಂಡು ಬಾಯಿಯ ಹತ್ತಿರ ಮೆಲ್ಲಗೆ ಎಳೆಯಿರಿ. ಅರ ಕಚ್ಚದೆ ಜಾರಿದರೆ ಅಲಗು ಅತಿ ಗಡಸು, ಕಲ್ಲಿಗೆ ತಾಗಿದರೆ ಚಕ್ಕೆ ಹಾರುತ್ತದೆ. ಸರಾಗವಾಗಿ ಕಚ್ಚಿ ಪುಡಿ ಉದುರಿದರೆ ಹದವೇ ಹಾಕಿಲ್ಲ. ಪ್ರಯಾಸಪಟ್ಟು ಒಂದಿಷ್ಟೇ ಕಚ್ಚಬೇಕು. ಆಮೇಲೆ ದಪ್ಪನೆಯ ಮೊಳೆಯೊಂದರ ಮೇಲೆ ಬಾಯಿಯನ್ನು ಓರೆಯಾಗಿ ಇಟ್ಟು ಒತ್ತಿ ಬೆಳಕಿಗೆ ಹಿಡಿಯಿರಿ. ತೆಳು ಅಂಚು ಕೂದಲೆಳೆಯಷ್ಟು ಬಗ್ಗಿ ಮತ್ತೆ ನೆಟ್ಟಗಾದರೆ ಕಣ್ಣು ಮುಚ್ಚಿ ದುಡ್ಡು ಕೊಡಬಹುದು. ಹೊಸ ಅಲಗಿನ ಅಂಚಿನಲ್ಲೇ ನೀಲಿ ಗೆರೆ ಕಂಡರೆ ಬಿಟ್ಟುಬಿಡಿ: ಹದ ಹಾಕಿದ ಮೇಲೆ ಕರೆಂಟಿನ ಸಾಣೆಗೆ ಅವಸರದಲ್ಲಿ ಹಿಡಿದು ಬಿಸಿ ಮಾಡಿದ್ದಾರೆ, ಒಳ್ಳೆಯ ಹದ ಅಲ್ಲಿ ಸುಟ್ಟುಹೋಗಿದೆ. ನಾನು ನೋಡಿದ ಕೆಟ್ಟ ಚೂರಿಗಳಲ್ಲಿ ಹೆಚ್ಚಿನವು ಕೆಟ್ಟದ್ದು ಕುಲುಮೆಯಲ್ಲಲ್ಲ, ಈ ಸಾಣೆಯಲ್ಲಿ.

ಹಿಡಿಗೆ ಜಾಲಿ ಕಟ್ಟಿಗೆ ಸಾಕು, ಆದರೆ ಚೆನ್ನಾಗಿ ಒಣಗಿರಬೇಕು. ಅಲಗಿನ ಬಾಲ ಹಿಡಿಯ ತುದಿಯವರೆಗೆ ಹೋಗಿ ರಿವಿಟ್ ಕಂಡರೆ ಬಾಳಿಕೆ ನಿಶ್ಚಿತ. ಹಿಡಿ ಅಲಗಿಗಿಂತ ತುಸು ಉದ್ದವಿರಲಿ. ನಾಲ್ಕೂ ಬೆರಳು ಕೂರದ ಹಿಡಿ ಮಳೆಯಲ್ಲಿ ಜಾರುತ್ತದೆ. ಹಿಡಿಗೆ ಅಗಸಿ ಎಣ್ಣೆ ಕುಡಿಸಿ, ಅದು ಕಟ್ಟಿಗೆಯೊಳಗೆ ಒಣಗಿ ಗಟ್ಟಿಯಾಗುತ್ತದೆ. ಅಲಗಿಗೆ ಮಾತ್ರ ಅಗಸಿಯೂ ಬೇಡ, ಕುಸುಬಿಯೂ ಬೇಡ. ಎರಡೂ ಗಾಳಿಗೆ ಒಣಗಿ ಅಂಟಾಗುವ ಎಣ್ಣೆಗಳು. ಕೊಬ್ಬರಿ ಎಣ್ಣೆಯ ಎರಡು ಹನಿ ಸಾಕು.

ತಾಲ್ಲೂಕಿನಿಂದ ತಾಲ್ಲೂಕಿಗೆ ಚೂರಿಯ ಪಾಡು ಬೇರೆ. ಸವಣೂರಿನ ಎಲೆತೋಟದಲ್ಲಿ ಬಳ್ಳಿ ಇಳಿಸುವಾಗ ಕಟ್ಟು ಬಿಚ್ಚಲು, ಆಸರೆ ಗಿಡದ ಎಳೆ ಟೊಂಗೆ ಸವರಲು ತೆಳು ಅಲಗು ಬೇಕು, ಬಳ್ಳಿಗೆ ಗಾಯವಾಗಬಾರದು. ಹಿರೇಕೆರೂರಿನ ಗೋವಿನಜೋಳದ ರಾಶಿಯಲ್ಲಿ ಕೆಲಸವೆಲ್ಲ ಚೀಲ, ದಾರ, ತಾಡಪಾಲಿನದು. ಅಲ್ಲಿ ಮೊನೆ ಮುಖ್ಯ. ಹಾನಗಲ್ಲು ಅರೆ ಮಲೆನಾಡು, ಭತ್ತದ ಗದ್ದೆಯ ತೇವ, ಅಡಿಕೆಯ ಚೊಗರು, ಮಾವಿನ ಸೊನೆ ಎಲ್ಲವೂ ಅಲಗಿಗೆ ತಾಗುತ್ತವೆ. ಪಾಟಾದ ಚೂರಿ ಅಡಿಕೆ ಚೊಗರಿಗೆ ಕಪ್ಪಗಾಗುತ್ತದೆ. ಆ ಕಪ್ಪಿಗೆ ಹೆದರಿ ತಿಕ್ಕಬೇಡಿ. ಚೊಗರೂ ಕಬ್ಬಿಣವೂ ಕೂಡಿ ಆದ ಲೇಪ ಅದು, ಅಲಗಿಗೆ ಕೇಡಿಲ್ಲ. ಕೆಂಪು ಜಂಗು ಕಂಡರೆ ಅದೇ ದಿನ ಬೂದಿ ಹಾಕಿ ತಿಕ್ಕಿ ಎಣ್ಣೆ ಸವರಿ.

ಇಟ್ಟುಕೊಳ್ಳಲು ಚರ್ಮದ ಒರೆ ನೋಡಲು ಸೊಗಸು, ಆದರೆ ಮಳೆಗಾಲದಲ್ಲಿ ತೇವ ಹಿಡಿದು ಅಲಗನ್ನು ಕೆಡಿಸುತ್ತದೆ. ಒಂದು ಗೇಣು ಪಿವಿಸಿ ಪೈಪನ್ನು ಬಿಸಿ ಮಾಡಿ ಚಪ್ಪಟೆ ಒತ್ತಿದರೆ ತೊಳೆಯಬಹುದಾದ ಒರೆ ಸಿದ್ಧ. ಘಟ್ಟದ ಕಡೆಯವರು ಸೊಂಟಕ್ಕೆ ಕಟ್ಟುವ ಕತ್ತಿಕೊಕ್ಕೆಯೂ ಒಳ್ಳೆಯದೇ, ಆದರೆ ಅದರಲ್ಲಿ ಬಾಯಿ ಬಯಲಾಗಿರುತ್ತದೆ. ಬೈಕ್ ಮೇಲೆ ಓಡಾಡುವವರಿಗೆ ಹೊಂದದು. ಕಾನೂನಿನ ಮಾತೂ ಒಂದಿಷ್ಟು ಇರಲಿ. ಶಸ್ತ್ರಾಸ್ತ್ರ ನಿಯಮಗಳು ಹೆಸರಿಸುವುದು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು, ಅದರಲ್ಲೂ ಮನೆ ಮತ್ತು ಒಕ್ಕಲುತನದ ಹತಾರಗಳನ್ನು ಹೊರಗಿಟ್ಟು. ನಾಲ್ಕಿಂಚಿನ ಚೂರಿ ಆ ಅಳತೆಗೆ ಬಹಳ ಕೆಳಗೆ. ಹಾಗಿದ್ದರೂ ಜಾತ್ರೆಗೆ, ಬಸ್ಸಿಗೆ ಒಯ್ಯಬೇಡಿ, ಹೊಲದ ಸಾಮಾನು ಹೊಲದಲ್ಲೇ ಇರಲಿ.

ಹಿಂದೆ ಕಂಬಾರರಿಗೆ ವರ್ಷಕ್ಕೊಮ್ಮೆ ಕಣದಲ್ಲಿ ಆಯ ಅಳೆದು ಕೊಡುತ್ತಿದ್ದರು; ಕುಡಗೋಲು ಹರಿತ ಮಾಡಲು ಬೇರೆ ದುಡ್ಡಿನ ಮಾತೇ ಇರಲಿಲ್ಲ. ಈಗ ಆಯ ನಿಂತಿದೆ, ಕುಲುಮೆಗಳೂ ಕಡಿಮೆಯಾಗಿವೆ. ಆದ್ದರಿಂದ ಕೇಳಿದಷ್ಟು ಕೊಡಿ, ಹದ ಹಾಕುವುದಕ್ಕೆ ಐವತ್ತು ರೂಪಾಯಿ ಹೆಚ್ಚು ಕೇಳಿದರೆ ಚೌಕಾಸಿ ಮಾಡಬೇಡಿ. ಖಂಡೇಪೂಜೆ ಹತ್ತಿರ ಬಂದರೆ ಎಲ್ಲರ ಹತಾರಗಳೂ ಒಮ್ಮೆಲೇ ಕುಲುಮೆಗೆ ಬರುತ್ತವೆ, ಆಗ ಬಣ್ಣ ನೋಡುತ್ತ ಕೂರುವಷ್ಟು ಪುರಸೊತ್ತು ಯಾವ ಕಂಬಾರರಿಗೂ ಇರುವುದಿಲ್ಲ. ಶ್ರಾವಣದಲ್ಲೇ ಹೋಗಿ ಪಾಟಾದ ತುಂಡು ಆರಿಸಿ ಹೇಳಿಟ್ಟು ಬನ್ನಿ.