ಸ್ಕ್ರೂಜನ ಕಣ್ಣೀರು ಎಲ್ಲಿ ಶುರುವಾಗುತ್ತದೆ: ‘ಎ ಕ್ರಿಸ್‌ಮಸ್ ಕ್ಯಾರಲ್’ ಓದುವವರಿಗೆ

ಚಾರ್ಲ್ಸ್ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ ಐದೇ ಅಧ್ಯಾಯಗಳ ಪುಟ್ಟ ಕಾದಂಬರಿ. ಕ್ರಿಸ್‌ಮಸ್ ಹಿಂದಿನ ರಾತ್ರಿ ಜಿಪುಣ ಸ್ಕ್ರೂಜನ ಮನೆಗೆ ದೆವ್ವಗಳು ಬರುತ್ತವೆ, ಬೆಳಗಾಗುವಷ್ಟರಲ್ಲಿ ಅವನು ಬೇರೆಯೇ ಮನುಷ್ಯ. ಪುಸ್ತಕ ಮುಟ್ಟದವರಿಗೂ ಸಿನಿಮಾಗಳಿಂದ ಇಷ್ಟು ಗೊತ್ತಿರುತ್ತದೆ. ಅದು ಅನುಕೂಲವೇ. ಮುಂದೇನಾಯಿತು ಎಂಬ ಆತುರವಿಲ್ಲದಿದ್ದರೆ, ಕಲ್ಲುಮನಸ್ಸು ಕರಗುವುದು ಯಾವ ಸಾಲಿನಲ್ಲಿ ಎಂದು ನಿಧಾನವಾಗಿ ನೋಡಬಹುದು.

ಎರಡನೇ ಅಧ್ಯಾಯದಲ್ಲಿ ಗತಕಾಲದ ಭೂತ ಅವನನ್ನು ಹಳೆಯ ಶಾಲೆಗೆ ಕರೆದೊಯ್ಯುತ್ತದೆ. ರಜೆಗೆ ಎಲ್ಲರೂ ಊರಿಗೆ ಹೋಗಿದ್ದಾರೆ, ಒಬ್ಬ ಹುಡುಗ ಮಾತ್ರ ಒಂಟಿಯಾಗಿ ಓದುತ್ತ ಕೂತಿದ್ದಾನೆ. ಅದು ತಾನೇ ಎಂದು ಕಂಡು ಸ್ಕ್ರೂಜ್ ಅಳುತ್ತಾನೆ. ಮರುಗಳಿಗೆಗೆ ಅವನಿಗೆ ಇನ್ನೊಬ್ಬ ಹುಡುಗ ನೆನಪಾಗುತ್ತಾನೆ. ಹಿಂದಿನ ಸಂಜೆ ಬಾಗಿಲ ಕೀಲಿರಂಧ್ರದ ಬಳಿ ಹಾಡಲು ಬಂದವನು, ಸ್ಕ್ರೂಜ್ ರೂಲುದೊಣ್ಣೆ ಎತ್ತಿಕೊಂಡಾಗ ಹೆದರಿ ಓಡಿದವನು. ಏನಾದರೂ ಕೊಡಬಹುದಿತ್ತು ಎನ್ನಿಸುತ್ತದೆ. ಆಮೇಲೆ ತನ್ನ ಮೊದಲ ಯಜಮಾನ ಫೆಜಿವಿಗ್ ನೌಕರರಿಗೆ ಕೊಡುವ ಔತಣ ನೋಡಿ, ತನ್ನ ಗುಮಾಸ್ತನೊಡನೆ ಒಂದೆರಡು ಮಾತಾಡಬೇಕಿತ್ತು ಎನ್ನಿಸುತ್ತದೆ. ತಾನು, ಗುರುತಿಲ್ಲದ ಹುಡುಗ, ತನ್ನ ಕೈಕೆಳಗಿನವನು: ಕರುಣೆ ಈ ಕ್ರಮದಲ್ಲಿ ಬೆಳೆಯುತ್ತದೆ. ಭೂತಗಳು ಬುದ್ಧಿ ಹೇಳುವುದು ಕಡಿಮೆ, ತೋರಿಸುವುದೇ ಹೆಚ್ಚು. ಕಾದಂಬರಿಯ ನಿಜವಾದ ಕಸುಬುಗಾರಿಕೆ ಇರುವುದು ಇಲ್ಲಿ.

ಈ ಕರುಣೆಯ ಹಿಂದೆ ಲೇಖಕನ ಸ್ವಂತ ನೋವಿದೆ. 1824ರಲ್ಲಿ ಅಪ್ಪ ಸಾಲಕ್ಕಾಗಿ ಮಾರ್ಷಲ್‌ಸೀ ಜೈಲು ಸೇರಿದಾಗ, 12 ವರ್ಷದ ಡಿಕನ್ಸ್ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಲೇಬಲ್ ಅಂಟಿಸುತ್ತಿದ್ದ. 1843ರಲ್ಲಿ ಲಂಡನ್ನಿನ ಫೀಲ್ಡ್ ಲೇನ್‌ನಲ್ಲಿ ಬಡಮಕ್ಕಳ ಶಾಲೆಯನ್ನು ಕಣ್ಣಾರೆ ಕಂಡ. ದುಡಿಯುವ ಮಕ್ಕಳ ಬಗೆಗಿನ ಸರ್ಕಾರಿ ವರದಿ ಅವನನ್ನು ಕಲಕಿತು. ಕರಪತ್ರ ಬರೆಯಹೊರಟವನು ಕಥೆಗೆ ತಿರುಗಿ, ಸುಮಾರು ಆರು ವಾರದಲ್ಲಿ ಮುಗಿಸಿದ. ಡಿಸೆಂಬರ್ 19ಕ್ಕೆ ಪುಸ್ತಕ ಬಂತು, ಕ್ರಿಸ್‌ಮಸ್ ಹೊತ್ತಿಗೆ 6,000 ಪ್ರತಿ ಖರ್ಚಾಗಿದ್ದವು. ಬೆಲೆ ಐದು ಶಿಲ್ಲಿಂಗ್. ಕಥೆಯ ಗುಮಾಸ್ತ ಬಾಬ್ ಕ್ರಾಚಿಟ್‌ನ ವಾರದ ಸಂಬಳ ಹದಿನೈದು! ಅವನಂಥವರು ಕೊಳ್ಳುವ ಪುಸ್ತಕವಲ್ಲ ಇದು. ಡಿಕನ್ಸ್ ಮಾತಾಡಿಸುತ್ತಿದ್ದುದು ಅವನ ಯಜಮಾನರನ್ನು.

ಹಾಗಾಗಿ ಯಜಮಾನ ಮತ್ತು ಗುಮಾಸ್ತರ ನಡುವಿನ ಸಣ್ಣ ವಸ್ತುಗಳ ಮೇಲೆ ಕಣ್ಣಿಡಬೇಕು. ಮೊದಲ ಅಧ್ಯಾಯದಲ್ಲಿ ಕಲ್ಲಿದ್ದಲ ಪೆಟ್ಟಿಗೆ ಸ್ಕ್ರೂಜನ ಕೋಣೆಯಲ್ಲೇ ಇರುತ್ತದೆ. ಗುಮಾಸ್ತನ ಒಲೆಯಲ್ಲಿರುವುದು ಒಂದೇ ಒಂದು ಕೆಂಡ ಅನ್ನುವಷ್ಟು ಬೆಂಕಿ. ಅವನು ಮಫ್ಲರ್ ಸುತ್ತಿಕೊಂಡು ಮೇಣದಬತ್ತಿಗೆ ಮೈ ಕಾಯಿಸಲು ನೋಡುತ್ತಾನೆ. ಕೊನೆಗೆ ಸ್ಕ್ರೂಜ್ ಸಂಬಳ ಏರಿಸುವುದರ ಜೊತೆಗೆ, ಬರವಣಿಗೆಗೆ ಮೊದಲು ಹೋಗಿ ಇನ್ನೊಂದು ಕಲ್ಲಿದ್ದಲ ಬುಟ್ಟಿ ಕೊಂಡು ತಾ ಎನ್ನುತ್ತಾನೆ.

ಮಾತುಗಳೂ ಹೀಗೆಯೇ ತಿರುಗಿ ಬರುತ್ತವೆ. ಬಡವರಿಗಾಗಿ ಚಂದಾ ಕೇಳಲು ಬಂದವರಿಗೆ ಸ್ಕ್ರೂಜ್, ಜೈಲು, ದುಡಿಮೆಮನೆಗಳಿಲ್ಲವೇ ಎಂದು ಕೇಳಿರುತ್ತಾನೆ. ನಿರ್ಗತಿಕರನ್ನು ದುಡಿಸಿಕೊಂಡು ಆಶ್ರಯ ಕೊಡುತ್ತಿದ್ದ ಈ ದುಡಿಮೆಮನೆಗಳನ್ನು 1834ರ ಬಡವರ ಕಾನೂನು ಬೇಕೆಂದೇ ಕಠಿಣವಾಗಿಸಿತ್ತು. ಮೂರನೇ ಅಧ್ಯಾಯದಲ್ಲಿ ವರ್ತಮಾನದ ಭೂತ ತನ್ನ ನಿಲುವಂಗಿಯಡಿಯಿಂದ ಎರಡು ಬಡಕಲು ಮಕ್ಕಳನ್ನು ತೋರಿಸುತ್ತದೆ: ಅಜ್ಞಾನ ಮತ್ತು ಅಭಾವ. ಇವರಿಗೆ ಆಸರೆಯಿಲ್ಲವೇ ಎಂದು ಸ್ಕ್ರೂಜ್ ಕೇಳಿದರೆ, ಜೈಲುಗಳಿಲ್ಲವೇ ಎಂಬ ಅವನದೇ ಪ್ರಶ್ನೆಯನ್ನು ಅವನ ಮುಖಕ್ಕೆ ಎಸೆಯುತ್ತದೆ. ಒಬ್ಬ ಸಾಹುಕಾರ ಒಳ್ಳೆಯವನಾದರೆ ಸಾಕೇ ಎಂದು ಆಕ್ಷೇಪಿಸುವವರು ಈ ಪುಟವನ್ನು ಎರಡು ಸಲ ಓದಬೇಕು. ಸಿನಿಮಾಗಳಲ್ಲಿ ಅನೇಕ ಸಲ ಬಿಟ್ಟುಹೋಗುವ ಪುಟವೂ ಇದೇ.

ಸಾಧ್ಯವಾದರೆ ಗಟ್ಟಿಯಾಗಿ ಓದಿ. ಡಿಕನ್ಸ್ 1853ರಿಂದ ಇದನ್ನು ಸಭೆಗಳಲ್ಲಿ ಓದುತ್ತಿದ್ದ. 1870ರ ಮಾರ್ಚ್‌ನ ವಿದಾಯದ ವಾಚನದಲ್ಲೂ ಇದಿತ್ತು. ಶುರುಮಾಡಲು ಕ್ರಾಚಿಟ್ ಮನೆಯ ಊಟವೇ ಸರಿ: ಅಷ್ಟು ದೊಡ್ಡ ಸಂಸಾರಕ್ಕೆ ಪುಡಿಂಗ್ ಚಿಕ್ಕದಾಯಿತೆಂದು ಅಲ್ಲಿ ಯಾರೂ ಬಾಯಿಬಿಡುವುದಿಲ್ಲ. ರುಚಿ ಹತ್ತಿದವರಿಗೆ ಮರುವರ್ಷ, 1844ರಲ್ಲಿ ಅವನೇ ಬರೆದ ‘ದ ಚೈಮ್ಸ್’ ಇದೆ. ಬಡವರು ಹುಟ್ಟಾ ಕೆಟ್ಟವರೇನೋ ಎಂದು ನಂಬತೊಡಗಿದ ಒಬ್ಬ ಬಡ ಮುದುಕನ ಹೊಸವರ್ಷದ ಕಥೆ ಅದು.