ನೆನೆದ ಕಾಳು ಮೇಲಿರಲಿ

‘ವ್ಯಾಪಾರ ಬೆಳೆಯಬೇಕೇ? ಮೊದಲು ಸಂಬಂಧ ಬೆಳೆಸಿ’ ಎಂಬ ಉಪದೇಶ ಈಗ ಎಲ್ಲೆಲ್ಲೂ ಕೇಳಿಬರುತ್ತಿದೆ. ಬೆಂಗಳೂರಿನ ತರಬೇತಿ ಶಿಬಿರಗಳಲ್ಲಿ ಮಾತ್ರವಲ್ಲ, ಬಸವಕಲ್ಯಾಣದ ಬಟ್ಟೆ ಅಂಗಡಿಗೂ, ಹುಮನಾಬಾದಿನಲ್ಲಿ ಮನೆಯಲ್ಲೇ ಕೂತು ಬುರ್ಖಾ ಹೊಲಿಯುವ ಹೆಣ್ಣುಮಗಳಿಗೂ ಅದು ಮುಟ್ಟಿದೆ. 2016ರಲ್ಲಿ ಅಗ್ಗದ ಇಂಟರ್‌ನೆಟ್ ಬಂತು. 2018ರಲ್ಲಿ ಸಣ್ಣ ವ್ಯಾಪಾರಿಗಳಿಗೆಂದೇ ಬೇರೆ ವಾಟ್ಸ್‌ಆಪ್ ಬಂತು. ಅಲ್ಲಿಂದೀಚೆಗೆ ಗಿರಾಕಿಯ ಫೋನ್ ನಂಬರ್ ಕೂಡಿಸುವುದೇ ಬಂಡವಾಳ ಕೂಡಿಸಿದಂತೆ ಆಗಿದೆ. ಉಪದೇಶದಲ್ಲಿ ದೋಷವಿಲ್ಲ. ಆದರೆ ಅದರೊಳಗಿನ ‘ಸಂಬಂಧ’ ಎಂಬ ಪದವನ್ನು ಮಾತ್ರ ನಾವು ಸ್ವಲ್ಪ ತಡೆದು ನಿಲ್ಲಿಸಿ ಕೇಳಬೇಕಾಗಿದೆ: ನೀನು ಯಾವ ಸಂಬಂಧ? ಯಾರ ಹಿತಕ್ಕಾಗಿ ಬಂದೆ?

ಮೊದಲು ಭಾಷೆಯನ್ನೇ ನೋಡೋಣ. ಹುಮನಾಬಾದ್ ಹೈದರಾಬಾದ್–ಸೊಲ್ಲಾಪುರ ರಸ್ತೆಯನ್ನು ಬೀದರ್–ಕಲಬುರಗಿ ರಸ್ತೆ ಹಾಯುವ ಊರು. ಬಸವಕಲ್ಯಾಣದಿಂದ ಮಹಾರಾಷ್ಟ್ರದ ಗಡಿ ದೂರವಿಲ್ಲ. ಇಲ್ಲಿಯ ಅಂಗಡಿಕಾರ ಒಂದೇ ತಾಸಿನಲ್ಲಿ ಕನ್ನಡ, ದಖನಿ, ಮರಾಠಿ ಮೂರನ್ನೂ ಆಡುತ್ತಾನೆ. ಬಂದ ಗಿರಾಕಿಯ ನಾಲಿಗೆ ಯಾವುದೋ ಅವನ ನಾಲಿಗೆಯೂ ಅದೇ. ಅವನ ಖಾತೆ ಪುಸ್ತಕ ತೆರೆದರೆ ಜಮಾ, ಬಾಕಿ, ವಸೂಲಿ, ರಸೀದಿ, ಜಾಮೀನು, ತಕರಾರು ಎಂಬ ಪದಗಳು. ಇವೆಲ್ಲ ಅರಬ್ಬಿ, ಫಾರಸಿಗಳಿಂದ ಬಂದು ಕನ್ನಡದ ಮನೆಯ ಮಕ್ಕಳೇ ಆಗಿಹೋದವು. ಲಿಂಗಾಯತ ವರ್ತಕ ಬರೆದರೂ ಇವೇ, ಮುಸ್ಲಿಂ ಅಡತಿ ಅಂಗಡಿಯವ ಬರೆದರೂ ಇವೇ. ನಂಬಿಕೆ ಎಂಬುದು ಇಂಥ ಕೂಡುಭಾಷೆಯಲ್ಲಿ ಲೆಕ್ಕಕ್ಕೆ ಬರುತ್ತಿತ್ತು.

ಅದೇ ಅಂಗಡಿಯಿಂದ ಫೋನಿಗೆ ಬರುವ ಸಂದೇಶ ನೋಡಿ. ‘ಡಿಯರ್ ಕಸ್ಟಮರ್’ ಎಂದು ಶುರುವಾಗುತ್ತದೆ. ಎದುರು ನಿಂತಾಗ ‘ಬರ್ರೀ ಕಾಕಾ’, ‘ಆವೋ ಖಾಲಾ’ ಎನ್ನುತ್ತಿದ್ದ ಬಾಯಿ ಅದು! ಈದ್‌ಗೆ, ಯುಗಾದಿಗೆ, ಬಸವ ಜಯಂತಿಗೆ ಬಣ್ಣದ ಚಿತ್ರಗಳು ಬರುತ್ತವೆ. ಅವುಗಳಲ್ಲಿ ಚಂದ್ರನಿಗಿಂತ ಅಂಗಡಿಯ ಹೆಸರೇ ದೊಡ್ಡದು. ಎರಡು ನೂರು ಜನಕ್ಕೆ ಒಂದೇ ಸಲ ಕಳಿಸಿದ ಶುಭಾಶಯ ಯಾರೊಬ್ಬರಿಗೂ ಕಳಿಸಿದ್ದಲ್ಲ. ಹೇಳುವವನಿಗೂ ಇದು ಗೊತ್ತು, ಓದುವವನಿಗೂ ಗೊತ್ತು.

ಹಾಗೆಂದು ಹಳೆಯ ಪೇಟೆಯನ್ನು ಸ್ವರ್ಗವೆಂದು ಹಾಡಿ ಹೊಗಳುವ ಅಗತ್ಯವಿಲ್ಲ. ಅಲ್ಲಿಯೂ ತೂಕದಲ್ಲಿ ಮೋಸವಿತ್ತು, ಬಡ್ಡಿಯ ಸುಲಿಗೆಯಿತ್ತು. ಕಟ್ಟೆಯ ಕೆಳಗೇ ನಿಂತು ಸಾಮಾನು ಕೊಳ್ಳಬೇಕಾದ ಜಾತಿಗಳಿದ್ದವು. ಆದರೆ ಒಂದು ಅನುಕೂಲವಿತ್ತು. ಗಿರಾಕಿ ಚೀಲದೊಳಗೆ ಕೈ ಹಾಕಿ ಕಾಳು ನೋಡಬಹುದಿತ್ತು.

ಈ ಕೈ ಹಾಕಿ ನೋಡುವ ಮಾತು ನಮಗೆ ಹೊಸದಲ್ಲ. ಪ್ರವಾದಿ ಮುಹಮ್ಮದ್(ಸ) ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ತೂರಿಸಿದಾಗ ಬೆರಳಿಗೆ ತೇವ ತಾಗಿದ ಘಟನೆಯನ್ನು ಸಹೀಹ್ ಮುಸ್ಲಿಮ್ ಹದೀಸ್ ಸಂಗ್ರಹ ದಾಖಲಿಸಿದೆ. ಮಳೆಗೆ ನೆನೆಯಿತು ಎಂದು ಮಾರುವವ ಸಮಜಾಯಿಷಿ ಕೊಟ್ಟ. ಹಾಗಾದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲಕ್ಕೆ ಏಕೆ ಇಡಲಿಲ್ಲ ಎಂದು ಪ್ರವಾದಿಯವರು ಕೇಳಿದರು. ವಂಚಿಸುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ಮಳೆಗೆ ಕಾಳು ನೆನೆಯುವುದು ತಪ್ಪಲ್ಲ, ಅಡಿಯಲ್ಲಿ ಮುಚ್ಚಿಡುವುದು ತಪ್ಪು. ಫೋನಿನ ಪರದೆಯಾದರೋ ಒಣಕಾಳನ್ನು ಮಾತ್ರ ತೋರಿಸಲಿಕ್ಕೆಂದೇ ಮಾಡಿದ್ದು. ಅಲ್ಲಿ ಬೆರಳಿಗೆ ತೇವ ತಾಗುವುದಿಲ್ಲ. ಆದ್ದರಿಂದ ಜಾಲತಾಣದಲ್ಲಿ ನಿಜವಾದ ಸಂಬಂಧ ಬೇಕೆನ್ನುವವನು ಗಿರಾಕಿ ಕೇಳುವ ಮೊದಲೇ ನೆನೆದ ಕಾಳನ್ನು ಮೇಲಿಡಬೇಕು: ಈ ಬಣ್ಣ ಎರಡು ಒಗೆತಕ್ಕೆ ಬಿಡುತ್ತದೆ, ಈ ಥಾನು ಹೋದ ವರ್ಷದ್ದು, ಹೊಲಿಗೆಗೆ ಹತ್ತು ದಿನ ಹಿಡಿಯುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ವ್ಯಾಪಾರದ ಸಂದೇಶ ಹರಿಯುವ ಕಾಲುವೆಯಲ್ಲೇ ಬೇರೆ ನೀರೂ ಹರಿಯುತ್ತದೆ. 2018ರ ಜುಲೈ 13ರಂದು ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟರೆಂಬ ಕಾರಣಕ್ಕೆ ಹೈದರಾಬಾದ್ ಕಡೆಯಿಂದ ಬಂದ ಗೆಳೆಯರನ್ನು ಮಕ್ಕಳ ಕಳ್ಳರೆಂದು ಜನ ಬಡಿದರು. ಒಬ್ಬ ತರುಣ ಪ್ರಾಣ ಬಿಟ್ಟ. ಸುದ್ದಿ ಅವರ ಕಾರಿಗಿಂತ ಮುಂದೆ ವಾಟ್ಸ್‌ಆಪಿನಲ್ಲಿ ಓಡಿತ್ತು. ಅದೇ ತಿಂಗಳು ಆ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ದಾಟಿಸದಂತೆ ಮಿತಿ ಹೇರಿತು. ಸಂದೇಶ ಕಳಿಸಿದವರು ಪರಿಚಿತರು, ಆದ್ದರಿಂದ ಸಂದೇಶವೂ ಸತ್ಯ ಎಂದು ಜನ ನಂಬಿದ್ದರು. ಆ ನಂಬಿಕೆಯೇ ಕೊಂದಿತು.

ಮರುವರ್ಷ, 2019ರ ಜೂನಿನಲ್ಲಿ, ಬೆಂಗಳೂರಿನ ಐಎಂಎ ಕಂಪನಿ ಕುಸಿಯಿತು. 2006ರಲ್ಲಿ ಶುರುವಾದ ಈ ಸಂಸ್ಥೆ ಬಡ್ಡಿಯಿಲ್ಲದ ಹಲಾಲ್ ಲಾಭದ ಹೆಸರಿನಲ್ಲಿ ಜನರ ಹಣ ಕೂಡಿಸಿತ್ತು. ಸ್ಥಾಪಕನ ದನಿಯದೆನ್ನಲಾದ ಒಂದು ಆಡಿಯೋ ಫೋನಿನಿಂದ ಫೋನಿಗೆ ಹರಿದಾಡಿತು. ಆತ ದುಬೈಗೆ ಹೋಗಿ, ಜುಲೈಯಲ್ಲಿ ದಿಲ್ಲಿಗೆ ಮರಳಿದಾಗ ಬಂಧನವಾಯಿತು. 40 ಸಾವಿರಕ್ಕೂ ಹೆಚ್ಚು ಜನ ದೂರು ಕೊಟ್ಟರು. ಹೆಚ್ಚಿನವರು ನಮ್ಮವರೇ: ನಿವೃತ್ತಿಯ ಹಣ ಇಟ್ಟವರು, ಮಗಳ ಮದುವೆಗೆಂದು ಕೂಡಿಟ್ಟ ಬಂಗಾರ ಮಾರಿ ಇಟ್ಟವರು. ಕೆಲವು ಧಾರ್ಮಿಕ ಮುಖಂಡರ ಮಾತೂ ಅದಕ್ಕೆ ಜಾಮೀನಿನಂತೆ ನಿಂತಿತ್ತು. ‘ನಮ್ಮವನು, ನಮಾಝಿ, ನಮಗೆ ಮೋಸ ಮಾಡಿಯಾನೇ?’ ಎಂಬುದೇ ಆ ವ್ಯವಹಾರದ ಅಡಿಪಾಯ. ಸಂಬಂಧದ ಮೂಲಕ ವ್ಯಾಪಾರ ಬೆಳೆಸುವ ಪಾಠಕ್ಕೆ ಇದಕ್ಕಿಂತ ‘ಯಶಸ್ವಿ’ ಉದಾಹರಣೆ ನಮ್ಮ ರಾಜ್ಯದಲ್ಲಿ ಸಿಕ್ಕುವುದು ಕಷ್ಟ!

2022ರ ಮಾರ್ಚ್–ಏಪ್ರಿಲ್‌ನಲ್ಲಿ ಇದರ ಮಗ್ಗುಲು ಬದಲಾಯಿತು. ಕರಾವಳಿ, ಮಲೆನಾಡಿನ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲವೆಂಬ ಫಲಕಗಳು ಎದ್ದವು; ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಪ್ರಚಾರ ನಡೆಯಿತು. ಫಲಕದ ಚಿತ್ರ ಫೋನುಗಳಲ್ಲಿ ಊರೂರು ಸುತ್ತಿತು. ನಾವು ಸರಿಯಾಗಿಯೇ ನೊಂದೆವು, ಪ್ರತಿಭಟಿಸಿದೆವು. ಆದರೆ ಒಂದು ಕಹಿ ಪ್ರಶ್ನೆ ಉಳಿದಿದೆ. ಹೆಸರು ನೋಡಿ ಕೊಳ್ಳಬೇಡಿ ಎನ್ನುವವನಿಗೂ ಹೆಸರು ನೋಡಿ ಹಣ ಇಟ್ಟವನಿಗೂ ನಡುವೆ ಒಂದು ಸಮಾನ ಅಭ್ಯಾಸವಿಲ್ಲವೇ? ಇಬ್ಬರೂ ಮುಖ ನೋಡಿ ಮಣೆ ಹಾಕಿದವರೇ. ತಕ್ಕಡಿಯನ್ನು ಇಬ್ಬರೂ ನೋಡಲಿಲ್ಲ. ಎರಡೂ ಒಂದೇ ತೂಕದ ಅಪರಾಧವೆಂದು ನಾನು ಹೇಳುತ್ತಿಲ್ಲ. ಒಬ್ಬ ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕಿದ, ಮತ್ತೊಬ್ಬ ತನ್ನ ಅನ್ನವನ್ನೇ ಕಳೆದುಕೊಂಡ. ಆದರೆ ಬೇರು ಒಂದೇ ಮಣ್ಣಿನಲ್ಲಿದೆ.

ಪ್ರವಾದಿಯವರು ಮಕ್ಕಾ ಬಿಟ್ಟು ಹೊರಟ ಸಂದರ್ಭವನ್ನು ನೆನೆಯಿರಿ. ಅವರ ಸಂದೇಶವನ್ನು ಒಪ್ಪದ ಮಕ್ಕಾದವರೂ ತಮ್ಮ ಒಡವೆ, ಹಣವನ್ನು ಅವರ ಬಳಿಯೇ ಅಮಾನತ್ತಾಗಿ ಇಟ್ಟಿದ್ದರು. ಅವನ್ನು ಮರಳಿಸಲೆಂದೇ ಅಲಿ(ರ) ಹಿಂದೆ ಉಳಿದರು. ಧರ್ಮ ಒಪ್ಪದಿದ್ದರೂ ತಕ್ಕಡಿಯನ್ನು ಒಪ್ಪಿದ ನಂಬಿಕೆ ಅದು. ಇನ್ನು ವಿಶ್ವಾಸಿಗಳ ನಡುವಿನ ಸಾಲದ ಮಾತು: ಕುರ್‌ಆನಿನ ಅತಿ ದೀರ್ಘವಾದ ಆಯತ್, ಅಲ್‌ಬಕರ ಅಧ್ಯಾಯದ 282ನೆಯದು, ಅವಧಿಯ ಸಾಲವನ್ನು ಬರೆದಿಡಿ, ಸಾಕ್ಷಿಗಳನ್ನಿಡಿ ಎಂದು ವಿಧಿಸುತ್ತದೆ. ನಮ್ಮವನೆಂದು ಬರೆಯದೇ ಬಿಡಿ ಎಂದು ಅದು ಹೇಳುವುದಿಲ್ಲ.

ಕಲ್ಯಾಣದ ನೆಲದ ನೆನಪೂ ಇದನ್ನೇ ಹೇಳುತ್ತದೆ. ಬಸವಣ್ಣನವರು ಬಿಜ್ಜಳನ ಭಂಡಾರಿ. ಭಂಡಾರದ ಹಣವನ್ನು ಜಂಗಮರಿಗೆ ಹಂಚುತ್ತಿದ್ದಾರೆಂದು ಚಾಡಿ ಹೋದಾಗ, ಅವರು ನನ್ನ ಭಕ್ತಿಯನ್ನು ನೋಡಿ ನಂಬಿ ಎನ್ನದೆ ಲೆಕ್ಕ ಮಾಡಿಸಿದರು, ಹಣ ಸರಿಯಾಗಿತ್ತು ಎಂಬುದು ಪುರಾಣಗಳ ಕತೆ. ಇದನ್ನು ಪವಾಡವೆಂದು ಓದುವವರು ಓದಲಿ. ನನಗೆ ಮುಖ್ಯವಾಗಿ ಕಾಣುವುದು ಭಂಡಾರದ ಬಾಗಿಲು ತೆರೆದದ್ದು. ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯ ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದಳಲ್ಲ, ಅದೂ ಮನೆಯೊಳಗಿನ ಲೆಕ್ಕ ತಪಾಸಣೆಯೇ.

ಹಾಗಾದರೆ ಫೋನ್ ಬಿಟ್ಟುಬಿಡಬೇಕೇ? ಖಂಡಿತ ಇಲ್ಲ. ಬೀದರಿನ ಬಿದರಿ ಕಲೆಯನ್ನೇ ನೋಡಿ. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರಲ್ಲಿ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಆದರೂ ದೂರದ ಗಿರಾಕಿಗೆ ಬೆಲೆ ಏಕೆ ಹೆಚ್ಚು ಎಂಬುದು ತಿಳಿಯದು. ಸತು, ತಾಮ್ರ ಕರಗಿಸಿ ಅಚ್ಚಿಗೆ ಹೊಯ್ಯುವುದು, ಉಳಿಯಿಂದ ಕೊರೆಯುವುದು, ಬೆಳ್ಳಿಯ ತಂತಿ ಕೂರಿಸುವುದು, ಕೊನೆಗೆ ಹಳೆಯ ಕೋಟೆಯ ಮಣ್ಣಿನಿಂದ ಕಪ್ಪೇರಿಸುವುದು, ಇಷ್ಟನ್ನೂ ಒಂದು ಸಣ್ಣ ವಿಡಿಯೋ ತೋರಿಸಬಲ್ಲದು. ಅದು ಶ್ರಮದ ರಸೀದಿ. ಅಂಥ ವಿಡಿಯೋ ನೋಡಿ ಕೊಂಡವನು ಹೊಗಳಿಕೆಯನ್ನು ನಂಬಿ ಕೊಂಡವನಲ್ಲ, ಕೆಲಸವನ್ನು ಕಂಡು ಕೊಂಡವನು.

ಕಲ್ಯಾಣ, ಹುಮನಾಬಾದಿನ ನಮ್ಮ ಹುಡುಗರು, ಹೆಣ್ಣುಮಕ್ಕಳು ಫೋನಿನಲ್ಲಿ ವ್ಯಾಪಾರ ಮಾಡಲಿ, ಬೆಳೆಯಲಿ. ಆದರೆ ಗಿರಾಕಿಯ ದೂರನ್ನು ಗ್ರೂಪಿನಿಂದ ಅಳಿಸದೆ ಅಲ್ಲೇ ಉತ್ತರಿಸಲಿ. ಬೆಲೆಯನ್ನು ‘ಇನ್‌ಬಾಕ್ಸಿಗೆ ಬನ್ನಿ’ ಎಂದು ಮುಚ್ಚಿಡದೆ ಎಲ್ಲರ ಮುಂದೆ ಬರೆಯಲಿ. ಮಸೀದಿಯ ಗ್ರೂಪನ್ನು ಮಾರಾಟದ ಕಟ್ಟೆ ಮಾಡದಿರಲಿ. ಕಾಕಾನಿಗೆ ಕಾಕಾ ಎಂದೇ ಬರೆಯಲಿ. ಹೀಗೆ ಮಾಡಿದವನ ಗಿರಾಕಿಗಳು ನಿಧಾನವಾಗಿ ಹೆಚ್ಚಿಯಾರು, ಅವರಲ್ಲಿ ಎಲ್ಲ ಹೆಸರಿನವರೂ ಇದ್ದಾರು. ಬಹಿಷ್ಕಾರದ ಸಂದೇಶ ಮತ್ತೊಮ್ಮೆ ಫೋನಿಗೆ ಬಂದ ದಿನ, ‘ಆ ಅಂಗಡಿಯ ತೂಕ ನನಗೆ ಗೊತ್ತು’ ಎಂದು ಹೇಳಬಲ್ಲವರು ಅವರೇ. ಅದನ್ನು ಹೇಳಲು ಒಬ್ಬ ಗಿರಾಕಿಯಾದರೂ ಮುಂದೆ ಬಂದರೆ ಅದು ಸಂಬಂಧ. ಬರದಿದ್ದರೆ ನಮ್ಮ ಫೋನಿನಲ್ಲಿ ಇರುವುದು ಬರೀ ನಂಬರ್‌ಗಳು.